ಗೇಣು ತೆರೆದ ಬಾಗಿಲು

"ಬಾಗಲಾ ತೆಗೀರಿ! ಒಳಗ ಯಾರದೀರಿ? ಬಾಗಲಾ ತೆಗೀರಿ ಅಂದ್ರ!"

ತಲೆಯ ಮೇಲಿದ್ದ ಶೇಂಗಾ ಸಿಪ್ಪೆಯ ಬುಟ್ಟಿ ಯಾವಾಗ ಕೆಳಗೆ ಬಿತ್ತೋ ಗೋಪಮ್ಮನಿಗೆ ಗೊತ್ತಿಲ್ಲ. ಎಣ್ಣೆ ಮಿಲ್ಲಿನ ಹಿಂದಿನ ಶೆಡ್ಡಿನ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ಬಾಗಿಲ ಸಂದಿಯಲ್ಲಿ ಅವಳಿಗೆ ಕಂಡದ್ದು ಇಷ್ಟೇ. ಕೆಂಪಗೆ ಕಾದ ಕಬ್ಬಿಣದ ಡ್ರಮ್ಮು, ಅದರ ಪಕ್ಕ ಗೋಡೆಗೆ ಒರಗಿ ಕೂತ ಒಬ್ಬ ಗಂಡಸು. ಅವನ ತಲೆ ಎದೆಯ ಮೇಲೆ ವಾಲಿತ್ತು.

ಒಳಗೆ ಹೊಗೆ ಇರಲಿಲ್ಲ. ಅವಳು ನಡುಗಿದ್ದೇ ಅದಕ್ಕೆ!

ಹೊಗೆ ಇದ್ದರೆ ಮನುಷ್ಯ ಕೆಮ್ಮುತ್ತಾನೆ, ಬೈಯುತ್ತಾನೆ, ಎದ್ದು ಓಡುತ್ತಾನೆ. ಹೊಗೆಯಿಲ್ಲದ ಇದ್ದಿಲಿನ ಕೆಂಡ ಹಾಗಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಸದ್ದಿಲ್ಲದೆ ನಿದ್ದೆ ಬರಿಸುತ್ತದೆ. ಆ ನಿದ್ದೆಗೆ ಎಚ್ಚರವಿಲ್ಲ.

'ಯಪ್ಪಾ ದೇವರೇ, ಇನ್ನೊಮ್ಮಿ ಬ್ಯಾಡ… ನನ್ನ ಕಣ್ಣ ಮುಂದ ಇನ್ನೊಂದು ಜೀವ ಬ್ಯಾಡ!'

ಒದ್ದಳು. ಮತ್ತೊಮ್ಮೆ ಒದ್ದಳು. ಚಿಲಕ ಕಿತ್ತುಬಂತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿ, ಅವನ ಕಂಕುಳಿಗೆ ಕೈ ಹಾಕಿ ದರದರ ಎಳೆದಳು. ಎಳೆಯುವ ಗಡಿಬಿಡಿಯಲ್ಲಿ ಅವನ ಕಾಲು ತಾಗಿ ಡ್ರಮ್ಮಿನ ಮುಚ್ಚಳ ಧಡಾರನೆ ಉರುಳಿತು. ಅದನ್ನು ನೋಡುವ ಪುರುಸೊತ್ತು ಯಾರಿಗಿತ್ತು?

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ಕೆಡವಿ, ಮುಖಕ್ಕೆ ನೀರು ಹೊಡೆದಳು. ಕೆನ್ನೆಗೆ ಎರಡು ಬಾರಿಸಿದಳು.

"ಏಳೋ! ಕಣ್ಣ ತೆರೀ! ಏಳ್ತೀಯೋ ಇಲ್ಲೋ!"

ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಕೊನೆಗೆ ಕಣ್ಣು ಬಿಟ್ಟ. ಎದುರಿಗೆ ಕೆದರಿದ ಕೂದಲು, ಬೆವರಿದ ಮುಖ, ನೀರು ತುಂಬಿದ ಎರಡು ಕಣ್ಣು… ಒಂದು ಗಳಿಗೆ ಸುಮ್ಮನೆ ನೋಡಿದ. ಆಮೇಲೆ ಶೆಡ್ಡಿನ ಕಡೆ ತಿರುಗಿದ. ಮುಚ್ಚಳ ಬಿದ್ದ ಡ್ರಮ್ಮಿನಿಂದ ಉರಿ ಏಳುತ್ತಿತ್ತು.

"ಅಯ್ಯೋ! ಮುಚ್ಚಳಾ ಯಾರು ತೆಗೆದ್ರು? ಮೂರು ದಿನದ ಕೆಲಸ ಬೂದಿ ಆತಲ್ಲ! ಯಾರಬೇ ನೀನು?"

ಕೇಳಿದಿರಾ? ಸಾವಿನ ಬಾಯಿಂದ ಎಳೆದು ತಂದವಳಿಗೆ ಸಿಕ್ಕ ಬಹುಮಾನ!

ಗೋಪಮ್ಮನಿಗೆ ನಖಶಿಖಾಂತ ಸಿಟ್ಟು ಬಂತು.

"ಜೀವ ದೊಡ್ಡದೋ ಇದ್ದಿಲು ದೊಡ್ಡದೋ? ಮನ್ಯಾಗ ಹೇಣ್ತಿ ಮಕ್ಳು ಇಲ್ಲೇನ್ರಿ ನಿಮಗ?"

"ಯಾರೂ ಇಲ್ಲ."

"ಹಂಗಾದ್ರ ಆರಾಮ ಸಾಯ್ರಿ! ಆದ್ರ ನಾ ಸಿಪ್ಪಿ ಹೊರೋ ಹಾದ್ಯಾಗ ಸಾಯಬ್ಯಾಡ್ರಿ!"

ಬುಟ್ಟಿ ಎತ್ತಿಕೊಂಡು ಸರಸರ ನಡೆದೇಬಿಟ್ಟಳು. ಗೋಡೆಯ ತಿರುವು ದಾಟಿದ ಮೇಲೆ ಅಲ್ಲೇ ಕುಕ್ಕರಿಸಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

---

1944ರ ಕೊನೆಯ ತಿಂಗಳುಗಳು. ಯುದ್ಧ ಎಲ್ಲೋ ದೂರ ನಡೆದಿತ್ತು, ಆದರೆ ಅದರ ಬಿಸಿ ರಾಯಚೂರಿನ ಎಣ್ಣೆ ಮಿಲ್ಲಿಗೂ ತಟ್ಟಿತ್ತು. ಶೇಂಗಾ ಎಣ್ಣೆಯ ಕಂದು ಬಣ್ಣ ತೆಗೆದು ತಿಳಿ ಮಾಡಲು ಹಡಗಿನಲ್ಲಿ ಬರುತ್ತಿದ್ದ ಕರಿಪುಡಿ ನಿಂತುಹೋಗಿತ್ತು. ಅದು ಬರಿಯ ಇದ್ದಿಲ ಪುಡಿ ಅಲ್ಲ, ಬಣ್ಣ ಹೀರುವ ಇದ್ದಿಲು.

"ನಮ್ಮ ಶೇಂಗಾ ಸಿಪ್ಪಿಯಿಂದ ಅದನ್ನ ನಾ ಮಾಡಿಕೊಡ್ತೀನಿ," ಎಂದು ಮ್ಯಾನೇಜರ್ ಜಂಬಣ್ಣನಿಗೆ ಮಾತು ಕೊಟ್ಟು ಕೆಲಸಕ್ಕೆ ಸೇರಿದವನು ಈ ತಾಯಣ್ಣ. ಮಟಮಾರಿ ಊರಿನವನು, ಹಿಂದೆ ಮುಂದೆ ಯಾರೂ ಇಲ್ಲದವನು. ಎರಡು ವರ್ಷ ಪುಣೆಯ ಕಡೆ ಒಂದು ಕಾರ್ಖಾನೆಯಲ್ಲಿ ದುಡಿದಿದ್ದ. ಸಿಪಾಯಿಗಳನ್ನು ವಿಷಗಾಳಿಯಿಂದ ಕಾಯುವ ಮುಖವಾಡಕ್ಕೆ ಅಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಮಾಡುತ್ತಿದ್ದರು. ಚಿಪ್ಪು ಸುಡುವ ಹೊರಗಿನ ಶೆಡ್ಡು ತಾಯಣ್ಣನದು. ಆ ಇದ್ದಿಲಿಗೆ ಹೀರುವ ಗುಣ ಬರಿಸುವ ಒಳಗಿನ ಶೆಡ್ಡಿಗೆ ಮಾತ್ರ ಪಹರೆ! ಹೀಗಾಗಿ ಅವನಿಗೆ ಗೊತ್ತಿದ್ದದ್ದು ಅರ್ಧ ವಿದ್ಯೆ. ಇನ್ನರ್ಧವನ್ನು ಹುಡುಕುತ್ತಾ, ಬೇರೆ ಮಿಲ್ಲಿನವರು ಇಣುಕಬಾರದೆಂದು ಬಾಗಿಲು ಜಡಿದುಕೊಂಡು ಕೂತಿದ್ದ. ಆವತ್ತು ಮಣ್ಣಿಗೆ ಹೋಗುವುದೊಂದು ಬಾಕಿ ಇತ್ತು.

"ಆಕೀನ ನೋಡಿ ಬೈದ್ಯಲ್ಲ ತಾಯಣ್ಣ," ಎಂದಳು ಶೇಂಗಾ ಕೇರುವ ಉಮ್ಮೇ ಕುಲ್ಸುಮ್. "ಆಕಿ ಗಂಡ ಉರುಕುಂದಪ್ಪ ಹಿಂಗ ಸತ್ತಿದ್ದು. ಮೂರು ವರ್ಷ ಆತು."

ತಾಯಣ್ಣನ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು.

"ಚಳಿಜ್ವರ ಬಂದಿತ್ತು ಅವನಿಗೆ. ಈಕಿ ಅಗ್ಗಿಷ್ಟಿಗಿ ಹೊತ್ತಿಸಿಟ್ಟು ಬಾಗಲಾ ಮುಚ್ಚಿ ಕೆಲಸಕ್ಕ ಬಂದ್ಲಂತ. ಸಂಜಿಗೆ ಹೋಗಿ ನೋಡ್ತಾಳ… ಖತಂ. ಓಣಿ ಮಂದಿ 'ಗಂಡನ್ನ ಸುಟ್ಟಾಕಿ' ಅಂತಾರ. ಸುಳ್ಳೋ ಖರೇನೋ, ಅಲ್ಲಾಗೇ ಗೊತ್ತು."

ತಾಯಣ್ಣ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ. ಅವಳು ಬಾರಿಸಿದ ಏಟಿನ ಉರಿ ಇನ್ನೂ ಇತ್ತು. ಸುಟ್ಟವಳು ಹಾಗೆ ಬಾಗಿಲು ಒದ್ದು ಒಳಗೆ ನುಗ್ಗುತ್ತಾಳೆಯೇ?

---

ಗಂಜ್ ಮಾರುಕಟ್ಟೆಯ ಆಚೆಯ ಓಣಿಯಲ್ಲಿ ಒಂದೇ ಕೋಣೆಯ ಮನೆ. ಹೊಸ್ತಿಲ ಮೇಲೆ ಅತ್ತೆ ಬಸವಂತಮ್ಮ ಕೂತಿರುತ್ತಿದ್ದಳು. ಮಿಲ್ಲಿನ ಸೀಟಿ ಕೂಗಿದ ಮೇಲೆ ಗೋಪಮ್ಮ ಎಷ್ಟು ಹೊತ್ತಿಗೆ ಮನೆ ಮುಟ್ಟಬೇಕೆಂಬುದು ಆ ಮುದುಕಿಗೆ ಬಾಯಿಪಾಠ.

"ಇವತ್ತು ತಡಾ ಆತು."

"ಸಿಪ್ಪಿ ಜಾಸ್ತಿ ಇತ್ತು ಅತ್ತಿ."

"ಸಿಪ್ಪಿ ಇತ್ತೋ, ಮಾತಿತ್ತೋ?"

ಗೋಪಮ್ಮ ಸಗಣಿ ಕುಳ್ಳು ಮುರಿದು ಒಲೆ ಹೊತ್ತಿಸಿದಳು. ಮೂರು ವರ್ಷದಿಂದ ಆ ಮನೆಯಲ್ಲಿ ಇದ್ದಿಲು ಉರಿದಿಲ್ಲ. ಇದ್ದಿಲ ಕೆಂಡ ಕಂಡರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಇದ್ದಿಲು ಸುಡುವವನ ಮಗಳಿಗೆ!

ಅವಳ ಅಪ್ಪ ಮೌನಪ್ಪ ಗಬ್ಬೂರಿನವನು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ದೇವದುರ್ಗದ ಬಸ್ಸು ಹಿಂದೊಂದು ದೊಡ್ಡ ಡ್ರಮ್ಮು ಕಟ್ಟಿಕೊಂಡು ಇದ್ದಿಲ ಗ್ಯಾಸಿನಿಂದ ಓಡುತ್ತಿತ್ತು. ಆ ಬಸ್ಸಿಗೆ ಜಾಲಿ ಇದ್ದಿಲು ಕೊಡುತ್ತಿದ್ದವನು ಮೌನಪ್ಪನೇ. ಎರಡು ಸಲ ಮಗಳನ್ನು ಕರೆಯಲು ಬಂದಿದ್ದ.

"ಇನ್ನೂ ಇಪ್ಪತ್ಮೂರರ ಹುಡುಗಿ ಅದಾಳ. ಬಿಟ್ಟೀನಿ ಅನ್ರಿ ಬೀಗ್ತಿ, ಉಡಿಕಿ ಮಾಡ್ತೀನಿ," ಎಂದು ಕೈ ಮುಗಿದಿದ್ದ.

ಅವರ ಮಂದಿಯಲ್ಲಿ ವಿಧವೆಗೆ ಹೊಸ ಸೀರೆ ಉಡಿಸಿ ಮತ್ತೊಂದು ಮದುವೆ ಮಾಡುವ ಪದ್ಧತಿ ಉಂಟು, ಅದೇ ಉಡಿಕಿ. ಆದರೆ ಗಂಡನ ಮನೆಯವರು ಹಿರಿಯರ ಮುಂದೆ 'ಬಿಟ್ಟೀವಿ' ಅನ್ನಬೇಕು. ಅನ್ನದಿದ್ದರೆ ಯಾವ ಗಂಡೂ ಆ ಹೆಣ್ಣಿನ ಕೈ ಹಿಡಿಯುವಂತಿಲ್ಲ.

ಬಸವಂತಮ್ಮನ ಉತ್ತರ ಎರಡು ಸಲವೂ ಒಂದೇ.

"ನನ್ನ ಮಗನ್ನ ನುಂಗಿದಾಕಿ. ನಾ ಮಣ್ಣಾಗ ಹೋಗೂತನಕ ನನ್ನ ಕಣ್ಣ ಮುಂದ ಇರಬೇಕು. ಬಿಡಂಗಿಲ್ಲ!"

ಗೋಪಮ್ಮ ಆಗ ತಲೆ ತಗ್ಗಿಸಿ ನಿಂತಿದ್ದಳು. ಅಪ್ಪನ ಹಿಂದೆ ಓಡಿಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಹೋದಾಳು? ಅತ್ತೆಯ ಮಾತು ಸುಳ್ಳು ಎನ್ನುವ ಧೈರ್ಯ ಅವಳಿಗೇ ಇರಲಿಲ್ಲ.

'ಬಾಗಲಾ ಗೇಣು ತೆರೆದಿಟ್ಟು ಹೋಗಿದ್ದೆ…' ಮೊದಲ ವರ್ಷ ಹೀಗೆ ಖಂಡಿತವಾಗಿ ಹೇಳುತ್ತಿದ್ದಳು. ಎರಡನೇ ವರ್ಷ, 'ತೆರೆದಿಟ್ಟಿದ್ದೆ ಅನಸ್ತದ.' ಈಗ ಮೂರನೇ ವರ್ಷ. ಕಣ್ಣು ಮುಚ್ಚಿದರೆ ತನ್ನದೇ ಕೈ ಆ ಬಾಗಿಲನ್ನು ಪೂರ್ತಿ ಎಳೆದುಕೊಳ್ಳುವುದು ಕಾಣುತ್ತಿತ್ತು. ಊರೆಲ್ಲ ಒಂದೇ ಮಾತು ಆಡಿದರೆ, ಮನಸ್ಸೂ ಕಡೆಗೆ ಊರಿನ ಜೊತೆಗೇ ಸೇರಿಕೊಳ್ಳುತ್ತದೆ.

---

"ಗೋಪಮ್ಮ, ನಿನ್ನ ಕೈ ಬೇಕು ನನಗ," ಎಂದ ತಾಯಣ್ಣ ಮರುದಿನವೇ, ಸಿಪ್ಪೆಯ ಗುಡ್ಡದ ಮುಂದೆ ನಿಂತು.

ಅವಳು ಬೆಚ್ಚಿದಳು. "ಏನಂದ್ರಿ?"

"ಅಂದ್ರ… ಭಟ್ಟಿ ಕೆಲಸಕ್ಕ! ನೀ ಗಬ್ಬೂರ ಮೌನಪ್ಪನ ಮಗಳಂತಲ್ಲ. ನನಗ ಬೆಂಕಿ ಗೊತ್ತದ, ಅದರ ಗುಣ ಗೊತ್ತಿಲ್ಲ. ನಿನ್ನೆ ಸಾಯ್ತಿದ್ದೆ. ಮತ್ತ ಬೈದೆ ಬ್ಯಾರೆ. ತಪ್ಪಾತು ನಂದು."

ತಪ್ಪಾಯಿತು ಎಂದು ಅವಳ ಮುಂದೆ ಯಾರಾದರೂ ಅಂದು ಎಷ್ಟು ಕಾಲವಾಗಿತ್ತೋ!

"ನನ್ನ ಸುದ್ದಿ ಕೇಳಿಲ್ಲೇನ್ರಿ ನೀವು?"

"ಕೇಳೀನಿ."

"ಆದ್ರೂ ಕರೀತೀರಿ?"

"ನನ್ನ ಎಳಕೊಂಡು ಹೊರಗ ತಂದಾಕಿ ನೀನ. ನಾ ಅದನ್ನ ನೋಡೀನಿ. ಉಳಿದದ್ದು ನಾ ನೋಡಿಲ್ಲ."

ಗೋಪಮ್ಮ ಶೆಡ್ಡಿನ ಮುರಿದ ಬಾಗಿಲ ಕಡೆ ನೋಡಿದಳು.

"ಶೆಡ್ಡು ಬ್ಯಾಡ," ಎಂದಳು ಕಡೆಗೆ. "ಬಯಲಾಗ ಮಾಡೂದಾದ್ರ ಬರ್ತೀನಿ. ಗ್ವಾಡಿ ಬ್ಯಾಡ, ಬಾಗಲಾ ಬ್ಯಾಡ."

ಗುಟ್ಟು ಬಯಲಾಗುತ್ತದೆಂದು ಜಂಬಣ್ಣ ಗೊಣಗಿದ. ಮ್ಯಾನೇಜರರಿಗೆ ಗುಟ್ಟು ಬೇಕೋ ಇದ್ದಿಲು ಬೇಕೋ ಎಂದು ತಾಯಣ್ಣ ಕೇಳಿದ ಮೇಲೆ ಸುಮ್ಮನಾದ.

ಹಾಗೆ ಬೇವಿನ ಮರದ ಕೆಳಗೆ ಹೊಸ ಭಟ್ಟಿ ಎದ್ದಿತು. ಮೊದಲ ದಿನ ಗೋಪಮ್ಮ ಹತ್ತು ಮಾರು ದೂರ ನಿಂತೇ ಹೇಳಿಕೊಟ್ಟಳು. ಡ್ರಮ್ಮಿನ ಬಾಯಿಗೆ ಕೆಸರು ಮೆತ್ತಬೇಕು, ಗಾಳಿಗೆ ಬೆರಳಷ್ಟೇ ತೂತು ಬಿಡಬೇಕು, ಮೊದಲು ಬಿಳಿ ಹೊಗೆ ಬಂದು ಆಮೇಲೆ ತೆಳುವಾಗಿ ನೀಲಿ ಆದಾಗ ತೂತು ಮುಚ್ಚಬೇಕು. ಮೂರನೇ ದಿನ ಐದು ಮಾರು. ವಾರ ಕಳೆಯುವಷ್ಟರಲ್ಲಿ ಅವನ ಪಕ್ಕದಲ್ಲೇ ಕೂತು ಸಿಪ್ಪೆ ತುಂಬುತ್ತಿದ್ದಳು. ಅವನೊಂದಿಷ್ಟು ಹಾಡು ಗುನುಗುತ್ತಿದ್ದ, ಒಂದೂ ಶ್ರುತಿಗೆ ನಿಲ್ಲುತ್ತಿರಲಿಲ್ಲ. ಅವಳಿಗೆ ನಗು ಬರುತ್ತಿತ್ತು. ಸಿಪ್ಪೆಯ ಧೂಳಿಗೆ ಕೆಮ್ಮಿದಂತೆ ಮಾಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

'ಏನಿದು? ನಗಾಕ ನನಗೇನು ಹಕ್ಕದ?'

ಆದರೆ ಇದ್ದಿಲು ಮಾತ್ರ ಕೈ ಕೊಡುತ್ತಿತ್ತು. ಕರ್ರಗೆ, ಚಂದವಾಗಿ, ಟಿಣ್ಣೆನ್ನುವ ಹಾಗೆ ಬರುತ್ತಿತ್ತು. ಪುಡಿ ಮಾಡಿ ಬೆಲ್ಲದ ನೀರಿಗೆ ಕಲಕಿ ಬಟ್ಟೆಯಲ್ಲಿ ಸೋಸಿದರೆ, ಹಾಕಿದ ನೀರು ಹಾಗೇ ಕಂದು ಬಣ್ಣದಲ್ಲಿ ಇಳಿದು ಬರುತ್ತಿತ್ತು. ಹೀರುವ ಗುಣ ಇರಲಿಲ್ಲ.

"ಎಳ್ಳಮಾಸಿ ತನಕ ನೋಡ್ತೀನಿ," ಎಂದಿದ್ದ ಜಂಬಣ್ಣ. "ಆಮೇಲ ನಿನ್ನ ದಾರಿ ನಿನಗ ತಾಯಣ್ಣ."

ಎಳ್ಳು ಅಮಾವಾಸ್ಯೆಯ ಆ ಗಡುವಿಗೆ ನಾಲ್ಕು ದಿನ ಉಳಿದಿತ್ತು. ತಾಯಣ್ಣ ಜಂಬಣ್ಣನ ಹತ್ತಿರ ಹೋಗಿದ್ದಾಗ ಭಟ್ಟಿಯ ಮುಂದೆ ಗೋಪಮ್ಮ ಒಬ್ಬಳೇ ಇದ್ದಳು. ಡ್ರಮ್ಮು ಕೆಂಪಗೆ ನಿಗಿನಿಗಿ ಅನ್ನುತ್ತಿತ್ತು. ಇದ್ದಕ್ಕಿದ್ದಂತೆ ಮೆತ್ತಿದ ಕೆಸರು ಬಿರಿಯಿತು. ಬಿರುಕಿನಲ್ಲಿ ಸಣ್ಣ ನೀಲಿ ಉರಿ ಕುಣಿಯತೊಡಗಿತು.

ಗಾಳಿ ಒಳಗೆ ಹೋಗುತ್ತಿದೆ… ಎಲ್ಲ ಬೂದಿಯಾಗುತ್ತದೆ!

ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ಇದ್ದಿಲು ಉಳಿಸಿಕೊಳ್ಳುವುದು ನಮ್ಮ ಹೆಂಗಸರ ಕೈಗೆ ಹತ್ತಿದ ಅಭ್ಯಾಸ. ಗೋಪಮ್ಮನ ಕೈ ಅವಳನ್ನು ಕೇಳಲಿಲ್ಲ. ಪಕ್ಕದಲ್ಲಿದ್ದ ಕೊಡ ಎತ್ತಿ, ಮೇಲಿನ ತೂತಿನಿಂದ ನೀರು ಸುರಿದೇಬಿಟ್ಟಳು!

ಭುಸ್ಸ್ಸ್…!

ಡ್ರಮ್ಮು ಗುಡುಗಿತು. ಹಬೆ ಬೇವಿನ ಮರದ ತುದಿ ಮುಟ್ಟಿತು. ಗೋಪಮ್ಮ ಹಿಂದಕ್ಕೆ ಹಾರಿ ಬಿದ್ದಳು. ಓಡಿಬಂದ ತಾಯಣ್ಣ ಮೊದಲು ಅವಳ ಕೈ ಹಿಡಿದು ತಿರುಗಿಸಿ ನೋಡಿದ, ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ.

"ಮುಗೀತು. ಕೆಂಡಕ್ಕ ನೀರು ಹಾಕಿದಿ. ಎಲ್ಲಾ ಮುಗೀತು ಗೋಪಮ್ಮ."

"ಉಳಸಾಕ ಹಾಕಿದೆ…" ಅವಳು ಖಾಲಿ ಕೊಡವನ್ನು ದೂರ ತಳ್ಳಿದಳು. "ನಾ ಮುಟ್ಟಿದ್ದೆಲ್ಲಾ ಹಿಂಗ ಆಗ್ತದರಿ. ನಾ ಬರಬಾರ್ದಿತ್ತು!"

"ಹಂಗನಬ್ಯಾಡ." ಅವನ ದನಿ ಥಟ್ಟನೆ ಮೆತ್ತಗಾಯಿತು. "ಇದ್ದಿಲು ಹೋದ್ರ ಹೋತು. ನಿನ್ನ ಕೈ ಸುಟ್ಟಿದ್ರ ಏನು ಮಾಡ್ತಿದ್ದೆ ನಾನು?"

ಮರುದಿನ ಡ್ರಮ್ಮು ಆರಿತು. ಎಸೆಯುವ ಮೊದಲು ಒಂದು ಸಲ ನೋಡೋಣ ಎಂದು, ಮನಸ್ಸಿಲ್ಲದ ಮನಸ್ಸಿನಿಂದ ತಾಯಣ್ಣ ಒಂದು ಹಿಡಿ ಪುಡಿ ಮಾಡಿ ಗೋಪಮ್ಮ ಕಲಸಿಟ್ಟ ಬೆಲ್ಲದ ನೀರಿಗೆ ಹಾಕಿ ಕಲಕಿದ. ಸ್ವಲ್ಪ ಹೊತ್ತು ಬಿಟ್ಟು, ಧೋತರದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ.

ಬಟ್ಟಲಿಗೆ ಇಳಿದದ್ದು ನೀರು. ತಿಳಿ ನೀರು!

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬೆಲ್ಲಾ ಹಾಕಿದ್ಯೋ ಇಲ್ಲೋ?"

"ಹಾಕಿದ್ನಲ್ಲರಿ, ನಿಮ್ಮ ಕಣ್ಣ ಮುಂದ!"

ತಾಯಣ್ಣ ಒಂದು ಗುಟುಕು ಕುಡಿದ. ಬಟ್ಟಲನ್ನು ಅವಳ ಕೈಗೆ ಕೊಟ್ಟ. ನಾಲಿಗೆಗೆ ಸಿಹಿ, ಕಣ್ಣಿಗೆ ಬಾವಿ ನೀರು!

"ಹಬಿ! ಕೆಂಪ ಇದ್ದಿಲಿಗೆ ಹಬಿ ತಾಗಬೇಕಿತ್ತು!" ಅವನು ಹುಚ್ಚನ ಹಾಗೆ ಕೂಗಿದ. "ಪಹರೆ ಹಾಕಿ ಮುಚ್ಚಿಟ್ಟಿದ್ದು ಇದನ್ನ! ಗೋಪಮ್ಮ, ಅವರು ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನ ನೀ ಒಂದು ಕೊಡದಾಗ ತೆಗೆದ್ಯಲ್ಲ!"

ಗೋಪಮ್ಮ ನಕ್ಕಳು. ಈ ಸಲ ಕೆಮ್ಮಲಿಲ್ಲ, ಬಾಯಿ ಮುಚ್ಚಲಿಲ್ಲ. ಮೂರು ವರ್ಷದ ನಗು ಒಟ್ಟಿಗೇ ಬಂದಿತ್ತು. ಅದು ಹೇಗೋ ಅಳುವಾಗಿ ತಿರುಗಿತು.

---

ಎಣ್ಣೆ ತಿಳಿಯಾಯಿತು. ಜಂಬಣ್ಣನ ಮೀಸೆ ಮೇಲಾಯಿತು. ಮಾನ್ವಿಯ ಮಿಲ್ಲಿನಲ್ಲಿ ಸಿಪ್ಪೆ ರಾಶಿ ಬಿದ್ದಿದೆ, ಎಳ್ಳಮಾಸಿ ಮುಗಿದ ಮೇಲೆ ಅಲ್ಲಿ ಹೋಗಿ ದೊಡ್ಡ ಭಟ್ಟಿ ಕಟ್ಟು ಎಂದು ತಾಯಣ್ಣನಿಗೆ ಹೇಳಿದ.

ತಾಯಣ್ಣ ನೇರ ಗೋಪಮ್ಮನ ಹತ್ತಿರ ಬಂದ.

"ನನ್ನ ಕೂಡ ಬಾ. ಕೆಲಸಕ್ಕಲ್ಲ. ಉಡಿಕಿ ಮಾಡಿಕೊಂಡು."

ಅವಳ ಎದೆ ಒಮ್ಮೆ ಕುಣಿಯಿತು. ಮರುಗಳಿಗೆ ಕಲ್ಲಾಯಿತು.

"ಅತ್ತಿ ಬಿಡಂಗಿಲ್ಲರಿ."

"ನಾ ಕೇಳ್ತೀನಿ."

"ಕೇಳಬ್ಯಾಡ್ರಿ! ಆಕಿ ಬಿಟ್ರೂ… ನಾ ಹೆಂಗ ಬರ್ಲಿ? ನೀವು ಚಳಿಜ್ವರದಾಗ ಮಲಗಿದ್ರ, ನಿಮ್ಮ ಕಡಿ ನೋಡಾಕ ನನಗ ಧೈರ್ಯ ಬರ್ತದೇನು?"

ಆವತ್ತು ಅವಳು ಎಲ್ಲ ಹೇಳಿದಳು. ಗಂಡ ನಡುಗುತ್ತಾ ಬೆಂಕಿ ಕೇಳಿದ್ದು, ಅಗ್ಗಿಷ್ಟಿಕೆ ಇಟ್ಟದ್ದು, ಅತ್ತೆ ಪಕ್ಕದ ಮನೆಯ ಕಟ್ಟೆಯಲ್ಲಿದ್ದಾಳೆಂದು ಮಧ್ಯಾಹ್ನದ ಪಾಳಿಗೆ ಬಂದದ್ದು, ಸಂಜೆ ತಣ್ಣಗಾದ ಅವನ ಕೈ ಹಿಡಿದದ್ದು.

"ಬಾಗಲಾ?" ತಾಯಣ್ಣ ಮೆಲ್ಲಗೆ ಕೇಳಿದ.

"ಗೇಣು ತೆರೆದಿಟ್ಟಿದ್ದೆ." ಮಾತು ನಿಲ್ಲಿಸಿ ತನ್ನ ಕೈ ನೋಡಿಕೊಂಡಳು. "ಅನಸ್ತದರಿ… ಈಗ ನನಗೂ ಗೊತ್ತಿಲ್ಲ. ನಾನ ಮುಚ್ಚಿರಬೇಕು. ಎಲ್ಲಾರೂ ಸುಳ್ಳು ಹೇಳ್ತಾರೇನು?"

ತಾಯಣ್ಣ ನೆಲ ನೋಡಿದ. ಎದ್ದ. ಹೊರಟುಹೋದ!

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ದೇವದುರ್ಗದ ಬಸ್ಸು ಹತ್ತಿದ್ದನ್ನು ಕಂಡೆ ಎಂದಳು ಉಮ್ಮೇ ಕುಲ್ಸುಮ್. ಬಾಗಲವಾಡದಲ್ಲಿ ಯಾವುದೋ ಹೆಣ್ಣು ನೋಡಲು ಹೋಗಿದ್ದಾನಂತೆ ಎಂದರು ಬೇರೆ ಹೆಂಗಸರು. ಊರ ಬಾಯಿಗೆ ಬಾಗಿಲುಂಟೇ?

'ಸರಿ ಮಾಡಿದ,' ಎಂದುಕೊಂಡಳು ಗೋಪಮ್ಮ. 'ಗಂಡನ್ನ ಸುಟ್ಟಾಕೀನ ಯಾರು ಕಟ್ಕೋತಾರ? ಕೇಳಿದ, ಅಂಜಿದ, ಹೋದ.'

ಆದರೆ ಎದೆ ಕೇಳಬೇಕಲ್ಲ! ಪ್ರತಿ ಬಸ್ಸಿನ ಸದ್ದಿಗೂ ಅವಳ ಬುಟ್ಟಿ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಸಂಜೆ ಮನೆ ಸೇರಿದರೆ ಅದೇ ಹೊಸ್ತಿಲು, ಅದೇ ಕಣ್ಣು, ಅದೇ ಮಾತು. ಹೊರಗೆ ಒಮ್ಮೆ ಉಸಿರಾಡಿ ಬಂದವಳಿಗೆ ಆ ಕೋಣೆ ಈಗ ಮೊದಲಿಗಿಂತ ಸಣ್ಣದಾಗಿ ಕಂಡಿತು.

---

ಐದನೇ ದಿನ ಮಧ್ಯಾಹ್ನ ಬಸವಂತಮ್ಮನಿಗೆ ಚಳಿಜ್ವರ ಬಂತು. ಕೌದಿಯ ಮೇಲೆ ಕೌದಿ ಹೊದಿಸಿದರೂ ಮುದುಕಿ ಗಡಗಡ ನಡುಗುತ್ತಿದ್ದಳು.

"ಬೆಂಕಿ… ಬೆಂಕಿ ತಾರಬೇ…"

ಗೋಪಮ್ಮ ಮೂರು ವರ್ಷದ ಮೇಲೆ ಅಟ್ಟದಿಂದ ಅಗ್ಗಿಷ್ಟಿಕೆ ಇಳಿಸಿದಳು. ಪಕ್ಕದ ಮನೆಯಿಂದ ಇದ್ದಿಲು ತಂದು ಅಂಗಳದಲ್ಲೇ ಹೊತ್ತಿಸಿ, ಕೆಂಪಾದ ಮೇಲೆ ಒಳಗಿಟ್ಟಳು. ಬಾಗಿಲನ್ನು ಹಾರುಹೊಡೆದು, ಎರಡೂ ಕದಕ್ಕೆ ಕಲ್ಲು ಒತ್ತಿಟ್ಟು, ಹೊಸ್ತಿಲ ಮೇಲೆ ತಾನೇ ಕೂತಳು.

ಎಳ್ಳಮಾಸಿಯ ಚಳಿಗಾಳಿ ನೇರ ಒಳಗೆ ಬೀಸುತ್ತಿತ್ತು.

"ಬಾಗಲಾ ಹಾಕು… ಗಾಳಿ…"

"ಹಾಕಂಗಿಲ್ಲ ಅತ್ತಿ."

"ಹಾಕಬೇ! ಗೇಣರ ಮುಂದ ಮಾಡು!"

"ಒಂದು ಬಟ್ಟೂ ಮಾಡಂಗಿಲ್ಲ! ಬೈರಿ, ಬಡೀರಿ, ನಾ ಇಲ್ಲಿಂದ ಏಳಂಗಿಲ್ಲ. ನೀವೂ ಹೋಗಬಾರ್ದು ಅತ್ತಿ… ನೀವೂ ಹಂಗ ಹೋಗಬಾರ್ದು!"

ಬಸವಂತಮ್ಮ ಕೌದಿಯೊಳಗಿಂದ ಸೊಸೆಯನ್ನು ನೋಡಿದಳು. ಗಾಳಿಗೆ ಬೆನ್ನು ಕೊಟ್ಟು, ಬಾಗಿಲ ತೋಳು ಹಿಡಿದು ಕೂತವಳನ್ನು. ನೋಡುತ್ತಾ ನೋಡುತ್ತಾ ಮುದುಕಿಯ ಮುಖ ಕಿವುಚಿಕೊಂಡಿತು.

"ಅವತ್ತೂ ಹಿಂಗ ಗಾಳಿ ಬರಾಕತ್ತಿತ್ತು…"

"ಏನಂದ್ರಿ ಅತ್ತಿ?"

"ನೀ ತೆರೆದಿಟ್ಟು ಹೋಗಿದ್ದಿ. ಗೇಣು ತೆರೆದಿಟ್ಟಿದ್ದಿ." ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. "ಕೂಸು ನಡಗಾಕತ್ತಿತ್ತು. ನನ್ನ ಕೂಸು… ಯವ್ವಾ ಥಂಡಿ ಅಂತು. ನಾ ಇನ್ನೊಂದಿಷ್ಟು ಇದ್ದಿಲು ಹಾಕಿ, ಬಾಗಲಾ ಎಳಕೊಂಡೆ. ಕೆಳಗ ಸಂದಿಗೆ ಅರಬಿ ತುರಕಿದೆ. ಬೆಚ್ಚಗ ಮಲಗ್ಲಿ ಅಂತ… ಬೆಚ್ಚಗ ಮಲಗ್ಲಿ ಅಂತ!"

ಗೋಪಮ್ಮ ಅಲುಗಲಿಲ್ಲ.

"ನೀನು…?"

"ಮುಚ್ಚಿದಾಕಿ ನಾನು."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಅಗ್ಗಿಷ್ಟಿಕೆಯಲ್ಲಿ ಕೆಂಡ ಚಟ್ ಅಂದಿತು. ಗೋಪಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟೂ ಅಲ್ಲ. 'ನನ್ನ ನೆಪ್ಪು ಸುಳ್ಳಲ್ಲ. ನಾ ತೆರೆದಿಟ್ಟಿದ್ದೆ. ನಾ ಹುಚ್ಚಿ ಅಲ್ಲ!' ಅಷ್ಟೇ. ಸಿಟ್ಟು ಆಮೇಲೆ ಬಂತು, ಬಂದದ್ದು ಹೊಳೆಯ ಹಾಗೆ ಬಂತು.

"ಮೂರು ವರ್ಷ ಅತ್ತಿ! ಮೂರು ವರ್ಷ ನನ್ನ ಕೈ ನೋಡಿ ನಾನ ಅಂಜೀನಿ! ಬಾವಿ ಕಟ್ಟಿ ಮ್ಯಾಲ ಎಷ್ಟು ಸಲ ನಿಂತು ಬಂದೀನಿ ಗೊತ್ತೇನು ನಿನಗ? ಒಂದು ಮಾತು ಹೇಳಾಕ ಬಾಯಿ ಬರ್ಲಿಲ್ಲ?"

"ಹೇಳಿದ್ರ ನೀ ಹೋಗಿಬಿಡ್ತಿದ್ದಿ," ಎಂದಳು ಮುದುಕಿ, ಸಣ್ಣ ಮಗುವಿನ ಹಾಗೆ. "ತಪ್ಪು ನಿಂದು ಅಂದ್ರ ಇರ್ತೀ ಅನ್ಕೊಂಡೆ. ಮಗ ಹೋದ. ನೀನೂ ಹೋದ್ರ ನಾ ಒಬ್ಬಾಕಿ ಆ ಬಾಗಲಾ ನೋಡ್ಕೋತ ಹೆಂಗ ಇರ್ಲಿ?"

ಗೋಪಮ್ಮ ಮುಖ ತಿರುಗಿಸಿದಳು. ಕ್ಷಮಿಸಿದೆ ಎಂದು ಬಾಯಿಂದ ಬರಲಿಲ್ಲ. ಬರಲೇಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ಆದರೆ ಜ್ವರ ಇಳಿಯುವ ತನಕ ಬಾಗಿಲು ಬಿಟ್ಟು ಏಳಲೂ ಇಲ್ಲ.

ಹೊತ್ತು ಇಳಿಯುವಾಗ ಓಣಿಯ ತಿರುವಿನಲ್ಲಿ ಇಬ್ಬರು ಕಂಡರು. ಒಬ್ಬ ಅವಳ ಅಪ್ಪ ಮೌನಪ್ಪ. ಇನ್ನೊಬ್ಬ… ತಾಯಣ್ಣ!

ಅವನು ಹತ್ತಿರ ಬಂದವನೇ, ಅವಳು ಬಾಯಿ ತೆರೆಯುವ ಮೊದಲೇ ಹೇಳತೊಡಗಿದ. ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದನೋ ಏನೋ.

"ಗಬ್ಬೂರಿಗೆ ಹೋಗಿದ್ದೆ. ನಿಮ್ಮಪ್ಪ ಭಟ್ಟಿ ಹಚ್ಚಿದ್ರು, ಇಳಿಸೂತನಕ ಬಿಟ್ಟು ಬರಾಕ ಆಗ್ಲಿಲ್ಲ. ಎಲ್ಲಾ ಕೇಳಿದೆ. ಏಳು ವರ್ಷದಾಕಿ ಇದ್ದಾಗಿಂದ ನೀ ಕೆಂಡ ಇದ್ದ ಮನಿ ಬಾಗಲಾ ಮುಚ್ಚಿದಾಕಿ ಅಲ್ಲ ಅಂದ್ರು. ಆದ್ರ ಅದನ್ನ ಹೇಳಾಕ ಬಂದಿಲ್ಲ ನಾನು. ಗೋಪಮ್ಮ, ನೀ ಮುಚ್ಚಿದ್ರೂ ಸರಿ, ತೆರೆದಿಟ್ಟಿದ್ರೂ ಸರಿ. ನನಗ ನೀ ಬೇಕು. ಚಳಿಜ್ವರ ಬಂದ್ರ ನಿನ್ನ ಕೈಯಿಂದನ ಬೆಂಕಿ ಇಡಿಸ್ಕೋತೀನಿ. ಇಷ್ಟ ಹೇಳಾಕ ಬಂದೆ."

ಗೋಪಮ್ಮ ಬಾಗಿಲ ತೋಳಿಗೆ ಒರಗಿ ಅವನನ್ನೇ ನೋಡಿದಳು. ಒಂದು ತಾಸಿನ ಹಿಂದೆ ತಿಳಿದ ಸತ್ಯ ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬಂದಿದ್ದಾನೆ!

"ನಾ ಮುಚ್ಚಿರಲಿಲ್ಲರಿ," ಎಂದಳು. "ನಾ ತೆರೆದಿಟ್ಟಿದ್ದೆ."

---

ಮರುದಿನ ಬೆಳಿಗ್ಗೆ ಹಿರಿಯರು ಕಟ್ಟೆಗೆ ಕೂತರು. ಓಣಿಯ ಹೆಂಗಸರು ಕೊಡ ಹೊತ್ತುಕೊಂಡೇ ನಿಂತರು.

ಬಸವಂತಮ್ಮ ಗೋಡೆ ಹಿಡಿದು ಹೊರಗೆ ಬಂದಳು. "ಬಿಟ್ಟೀನಿ," ಎಂದಳು ಗಡಿಬಿಡಿಯಲ್ಲಿ. "ನನ್ನ ಸೊಸೀನ ಬಿಟ್ಟೀನಿ. ಆತಲ್ಲ."

"ಆಗಿಲ್ಲ ಅತ್ತಿ." ಗೋಪಮ್ಮ ಮುಂದೆ ಬಂದಳು. "ನಿನ್ನೆ ನನಗ ಹೇಳಿದ್ದು, ಇವರಿಗೂ ಹೇಳು. ನನ್ನ ಬಿಡೂದಾದ್ರ ಪೂರಾ ಬಿಡು."

ಮುದುಕಿ ಸೊಸೆಯನ್ನು ನೋಡಿದಳು, ಮಂದಿಯನ್ನು ನೋಡಿದಳು. ಕೂತುಬಿಟ್ಟಳು. ಕೂತಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಇದ್ದಿಲು ಹಾಕಿದ್ದು, ಕದ ಎಳೆದದ್ದು, ಅರಿವೆ ತುರುಕಿದ್ದು, ಎಲ್ಲ.

ಮೂರು ವರ್ಷ 'ಸುಟ್ಟಾಕಿ' ಎಂದ ಬಾಯಿಗಳು ಸೆರಗು ಕಚ್ಚಿಕೊಂಡವು. ಒಬ್ಬಳು ಹೆಂಗಸು ಮುದುಕಿಯನ್ನು ಬೈಯಲು ಬಾಯಿ ತೆಗೆದಳು.

"ನೀವು ಸುಮ್ಕಿರ್ರಿ," ಎಂದಳು ಗೋಪಮ್ಮ. "ಆಕಿ ಮಗನ್ನ ಕಳಕೊಂಡಾಕಿ. ಅದು ನನಗೂ ಆಕಿಗೂ ಇದ್ದದ್ದು."

ದೇವದುರ್ಗದ ತಂಗಿಯ ಮನೆಗೆ ಹೋಗುತ್ತೇನೆಂದಳು ಬಸವಂತಮ್ಮ. ಗೋಪಮ್ಮ ಅವಳ ಕಾಲಿಗೆ ಬೀಳಲಿಲ್ಲ. ಜ್ವರದ ಗುಳಿಗೆಯ ಪೊಟ್ಟಣವನ್ನು ಮಾತ್ರ ಅವಳ ಸೆರಗಿನ ತುದಿಗೆ ಗಂಟು ಹಾಕಿ, ದಿನಕ್ಕೆ ಎಷ್ಟು ಎಂದು ಎರಡು ಸಲ ಹೇಳಿದಳು.

ಮಂದಿ ಚದುರಿದರು. ಮೌನಪ್ಪ ಹಿರಿಯರ ಹಿಂದೆ ಉಡಿಕಿಯ ದಿನ ಕೇಳಲು ಹೊರಟ.

"ಸ್ವಲ್ಪ ತಡೀರಿ ಮಾವ," ಎಂದ ತಾಯಣ್ಣ. ಗೋಪಮ್ಮನ ಕಡೆ ತಿರುಗಿದ. "ಈಗ ನಿನ್ನ ಯಾರೂ ಹಿಡಿದಿಲ್ಲ. ನಾನೂ ಹಿಡಿದಿಲ್ಲ. ಗಬ್ಬೂರಿಗೆ ಹೋಗ್ತೀನಿ ಅಂದ್ರ ಬಸ್ಸು ಹತ್ತಿಸಿ ಬರ್ತೀನಿ. ನಿನಗ ಏನು ಬೇಕು? ನೀನ ಹೇಳು."

ಏನು ಬೇಕು?

ಹುಟ್ಟಿ ಇಪ್ಪತ್ತಮೂರು ವರ್ಷ, ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಗೋಪಮ್ಮ ನಿಜವಾಗಿಯೂ ಯೋಚಿಸಿದಳು. ಅವನು ಕಾದ.

"ಹಸಿವಾಗೇದ," ಎಂದಳು.

"ಏನು?"

"ಹಸಿವಾಗೇದರಿ. ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ. ಮೊದ್ಲು ರೊಟ್ಟಿ ಬೇಕು, ಖಾರಾ ಖಾರಾ ಪುಂಡಿಪಲ್ಯ ಬೇಕು."

ತಾಯಣ್ಣ ಜೋರಾಗಿ ನಕ್ಕ. ಕಣ್ಣಲ್ಲಿ ನೀರು ಬಂದಿತ್ತು. "ಆಮೇಲ?"

"ಆಮೇಲ ಮಾನ್ವಿ."

"ಖರೇನ? ಅತ್ತಿ ಬಿಟ್ಲಂತ ಹೇಳಾಕತ್ತಿಯೋ, ನಾ ಕೇಳಿದೆ ಅಂತ ಹೇಳಾಕತ್ತಿಯೋ?"

ಗೋಪಮ್ಮ ಹೊಸ್ತಿಲು ಇಳಿದು ಅವನ ಎದುರು ಬಂದು ನಿಂತಳು. ಓಣಿ ನೋಡುತ್ತಿತ್ತು. ನೋಡಲಿ!

"ಎರಡೂ ಅಲ್ಲ. ನನಗ ನೀವು ಬೇಕಂತ ಹೇಳಾಕತ್ತೀನಿ."